ಹೊರೆ ಇಳಿಸಿ ಏರಿದ ಸಂತ
ವಿಜಯಪುರದ ಗಾಂಧಿ ಚೌಕದಿಂದ ಏರಬೇಕೆಂದರೆ ಬೆಟ್ಟವಿಲ್ಲ, ಗೋಳಗುಮ್ಮಟದ ಮೆಟ್ಟಿಲುಗಳೇ ಗತಿ. ಬೆಟ್ಟವನ್ನು ಆತ್ಮದ ನಕ್ಷೆಯಾಗಿಸಿದ ಕ್ಯಾಥೊಲಿಕ್ ಸಂತ, ಶಿಲುಬೆಯ ಯೊವಾನ್ನರೂ ಬಯಲುಸೀಮೆಯವರೇ.

1542ರಲ್ಲಿ ಸ್ಪೇನಿನ ಕ್ಯಾಸ್ಟೀಲ್‌ನ ಬಡ ನೇಕಾರರ ಮನೆಯಲ್ಲಿ ಹುಟ್ಟಿದ ಅವರು 1563ರಲ್ಲಿ ಕಾರ್ಮೆಲ್ ಸಭೆ ಸೇರಿದರು. 1568ರಲ್ಲಿ ಅವಿಲಾದ ತೆರೇಸಾ ಅವರ ಸುಧಾರಣೆಗೆ ಹೆಗಲು ಕೊಟ್ಟರು. ಸಿಕ್ಕ ಪ್ರತಿಫಲ ಸೆರೆವಾಸ. 1577ರ ಡಿಸೆಂಬರ್‌ನಲ್ಲಿ ಸ್ವಂತ ಸಭೆಯವರೇ ಅವರನ್ನು ಟೊಲೆಡೊದ ಕಿರುಕೋಣೆಯಲ್ಲಿ ಕೂಡಿಹಾಕಿದರು. ಆ ಕತ್ತಲಲ್ಲೇ ಕಾವ್ಯ ಕಟ್ಟಿದರು. 1578ರಲ್ಲಿ ತಪ್ಪಿಸಿಕೊಂಡ ಬಳಿಕ ಕಾರ್ಮೆಲ್ ಪರ್ವತದ ಚಿತ್ರ ಬರೆದರು. ಅದರಲ್ಲಿ ಲೋಕಸುಖದ ಹಾದಿಯಷ್ಟೇ ಅಲ್ಲ, ಸ್ವರ್ಗಸುಖದ ಆಸೆಯ ಹಾದಿಯೂ ಶಿಖರ ಮುಟ್ಟದು. ಮುಟ್ಟುವುದು ಏನನ್ನೂ ಬಯಸದ ನಡುವಿನ ಇಕ್ಕಟ್ಟು ದಾರಿಯೊಂದೇ.

1591ರಲ್ಲಿ, ಅಧಿಕಾರವೆಲ್ಲ ಕಳಚಿದ ಮೇಲೆ, ಉಬೇದಾದಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಶರಣರ ಬಯಲನ್ನು ಬಲ್ಲ ಬಸವಣ್ಣನವರ ಈ ಜಿಲ್ಲೆಗೆ ಆ ನಕ್ಷೆ ಅಪರಿಚಿತವಲ್ಲ: ಹೊರೆ ಇಳಿಸದೆ ಏರುವಂತಿಲ್ಲ.