ಅರವತ್ತರಲ್ಲಿ ಸ್ಕೂಟರ್ ಅಪಘಾತ, ಮತ್ತೆ ಒಂದನೇ ಪಾಠದಿಂದ ಶುರು: ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬದುಕು

ಕುಂದಾಪುರ: ಮಳೆ ಬಿಟ್ಟು ಗದ್ದೆ ಒಣಗಿದರೆ ಸಾಕು, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೊನಲು ಬೆಳಕಿನ ಪಂದ್ಯಾಟಗಳ ಬ್ಯಾನರ್ ಏಳುತ್ತವೆ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಪ್ರತಿ ಊರಿನಲ್ಲೂ ಅಂಕಣದ ಬದಿಯಲ್ಲಿ ಕುರ್ಚಿ ಹಾಕಿ ಕೂತು ನೋಡುವವ ಒಬ್ಬನಾದರೂ ಇರುತ್ತಾನೆ. ಹೋದ ವರ್ಷ ಅವನೂ ಒಳಗೆ ಆಡಿದವನೇ. ರೈಡಿಗೆ ಹೋಗಿ ಮೊಣಕಾಲಿನ ಲಿಗಮೆಂಟ್ ಹೋಯ್ತು, ಇಲ್ಲಾಂದ್ರೆ ಹೆದ್ದಾರಿಯಲ್ಲಿ ಬೈಕ್ ಬಿದ್ದು ಭುಜ ಜಾರಿತು. ಇನ್ನು ಆಟ ಸಾಕು ಅಂತ ಮನೆಯವರು ಹೇಳುತ್ತಾರೆ. ಅವನಿಗೆ ಮಾತ್ರ ಸೀಟಿ ಕೇಳಿದ ಕೂಡಲೇ ಕೂತಲ್ಲಿ ಕೂರೋಕಾಗಲ್ಲ.

ಅಂಥವರು ತಿಳಿದುಕೊಳ್ಳಬೇಕಾದ ಬದುಕೊಂದು ನಮ್ಮ ರಾಜ್ಯದ್ದೇ ಇದೆ. ಅದು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರದ್ದು. ಅವರ ಹೆಸರು ಕೇಳದವರು ಕಡಿಮೆ. ಆದರೆ ಅವರ ದೇಹ ಎರಡು ಸಲ ಕೈಕೊಟ್ಟಿತ್ತು, ಎರಡನೇ ಸಲ 60 ದಾಟಿದ ಮೇಲೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗಿ ಬಂತು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಯೋಗಾಸನ ಆಟ ಹೇಗಾಗುತ್ತದೆ ಎಂದು ಕೇಳುವವರಿಗೆ ಒಂದು ಮಾತು: 2020ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಯೋಗಾಸನಕ್ಕೆ ಸ್ಪರ್ಧಾತ್ಮಕ ಕ್ರೀಡೆ ಎಂಬ ಮಾನ್ಯತೆ ಕೊಟ್ಟಿದೆ. ಅಯ್ಯಂಗಾರ್ ಅವರಿಗೆ ಅದು ಆಟವೂ ಹೌದು, ಹೊಟ್ಟೆಪಾಡೂ ಹೌದು, ಸಾಧನೆಯೂ ಹೌದು.

ಬದುಕುವುದೇ ಕಷ್ಟ ಅಂದಿದ್ದ ಮಗು

ಕೋಲಾರ ಜಿಲ್ಲೆಯ ಬೆಳ್ಳೂರು ಎಂಬ ಹಳ್ಳಿಯಲ್ಲಿ 1918ರ ಡಿಸೆಂಬರ್ 14ರಂದು ಅವರು ಹುಟ್ಟಿದರು. ಪೂರ್ತಿ ಹೆಸರು ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್. ತಂದೆ ಕೃಷ್ಣಮಾಚಾರ್ ಶಾಲಾ ಮಾಸ್ತರರು, ತಾಯಿ ಶೇಷಮ್ಮ. 13 ಮಕ್ಕಳಲ್ಲಿ ಇವರು 11ನೆಯವರು. ಆ ವರ್ಷ ದೇಶಕ್ಕೆ ದೇಶವೇ ಇನ್‌ಫ್ಲುಯೆಂಜಾ ಜ್ವರದಲ್ಲಿ ನರಳುತ್ತಿತ್ತು. ಬಸುರಿ ತಾಯಿಗೂ ಆ ಜ್ವರ ಬಡಿದಿತ್ತು. ಹುಟ್ಟಿದ ಮಗು ಸಣ್ಣ ಕೈಕಾಲು, ದೊಡ್ಡ ತಲೆಯ ಬಡಕಲು ಕೂಸು. ಮುಂದೆ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಒಂದರ ಹಿಂದೆ ಒಂದು ಬಂದವು. ಒಂಬತ್ತನೇ ವಯಸ್ಸಿಗೆ ತಂದೆ ತೀರಿಕೊಂಡರು. ಹುಡುಗ ಅಣ್ಣಂದಿರ ಆಸರೆಯಲ್ಲಿ ಬೆಳೆದ.

1934ರಲ್ಲಿ ಮೈಸೂರಿನಿಂದ ಕರೆ ಬಂತು. ಅಕ್ಕ ನಾಮಗಿರಿಯಮ್ಮನವರ ಗಂಡ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಭಾವ ಪರಊರಿಗೆ ಹೋಗುವಾಗ ಅಕ್ಕನಿಗೆ ಜೊತೆಗಿರಲಿ ಎಂದು 15ರ ಹುಡುಗನನ್ನು ಕರೆಸಿದ್ದರು. ಹೋದವ ಅಲ್ಲೇ ಉಳಿದ. ಭಾವನೇ ಗುರುವಾದರು. ಮೊದಲಿಗೆ ಈ ಬಡಕಲು ಮೈಯಿಂದ ಏನೂ ಆಗದು ಎಂದು ಗುರು ಕೈಬಿಟ್ಟಿದ್ದರು. ನೆಚ್ಚಿನ ಶಿಷ್ಯನೊಬ್ಬ ಹೇಳದೆ ಕೇಳದೆ ಓಡಿಹೋದ ಮೇಲೆ, ಪ್ರದರ್ಶನಕ್ಕೆ ಜನ ಬೇಕಾಗಿ ಇವನನ್ನು ತಯಾರು ಮಾಡಿದರು.

ಮೊದಲ ಪೆಟ್ಟು

ಮೈಸೂರಿನ ಆ ದಿನಗಳಲ್ಲೇ ಮೊದಲ ದೊಡ್ಡ ಗಾಯವೂ ಆಯಿತು. ಗಣ್ಯರೊಬ್ಬರ ಎದುರು ಹನುಮಾನಾಸನ ಮಾಡಿ ತೋರಿಸು ಎಂದು ಗುರುಗಳ ಅಪ್ಪಣೆ. ಒಂದು ಕಾಲು ಪೂರ್ತಿ ಮುಂದಕ್ಕೆ, ಇನ್ನೊಂದು ಪೂರ್ತಿ ಹಿಂದಕ್ಕೆ ಚಾಚಿ ನೆಲಕ್ಕೆ ಕೂರುವ ಆಸನ ಅದು. ಹುಡುಗನಿಗೆ ಅದು ಬರುತ್ತಿರಲಿಲ್ಲ. ಚಡ್ಡಿ ಬಿಗಿಯಾಗಿದೆ ಎಂದು ನೆವ ಹೇಳಿ ತಪ್ಪಿಸಿಕೊಳ್ಳಲು ನೋಡಿದ. ಗುರುಗಳು ಕತ್ತರಿ ತರಿಸಿ ಚಡ್ಡಿಯ ಬದಿಯನ್ನೇ ಕತ್ತರಿಸಿದರು. ಬೇರೆ ದಾರಿ ಇಲ್ಲದೆ ಮಾಡಿದ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಸರಿಯಾಗಿ ನಡೆಯುವಂತಾಗಲು ವರ್ಷಗಳೇ ಹಿಡಿದವು.

ಇದರ ಮಧ್ಯೆ ಮೆಟ್ರಿಕ್ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ನಪಾಸು. ಓದು ಅಲ್ಲಿಗೆ ನಿಂತಿತು. ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ, ಕಾಲು ನೆಟ್ಟಗಿಲ್ಲ, ಮನೆಯಲ್ಲಿ ದುಡ್ಡಿಲ್ಲ. ಗೊತ್ತಿದ್ದದ್ದು ಆಸನ ಒಂದೇ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

1937ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಆರು ತಿಂಗಳ ಮಟ್ಟಿಗೆ ಯೋಗ ಕಲಿಸುವ ಕೆಲಸ ಸಿಕ್ಕಿತು. ಆಗ ವಯಸ್ಸು 18. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಕಲಿಯಲು ಬಂದವರೋ ಗಟ್ಟಿಮುಟ್ಟಾದ ಕಾಲೇಜು ಹುಡುಗರು. ಮೇಷ್ಟ್ರು ಅವರಿಗಿಂತ ಬಡಕಲು. ನಗುವವರು ನಕ್ಕರು. ಅಯ್ಯಂಗಾರ್ ಬೇರೆಯವರಿಗೆ ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ತಾವೇ ಅಭ್ಯಾಸ ಮಾಡಿದರು. ಹೊಟ್ಟೆತುಂಬ ಊಟ ಸಿಗದ ದಿನಗಳಿದ್ದವು. ಯಾವ ಆಸನದಲ್ಲಿ ಯಾವ ಕೀಲು ಯಾವ ಕಡೆ ತಿರುಗುತ್ತದೆ ಎಂದು ತಮ್ಮ ಮೈ ಮೇಲೇ ಪ್ರಯೋಗ ಮಾಡುತ್ತಾ ಹೋದರು. ದಾರಿ ಬದಿಯ ಕಲ್ಲು, ಇಟ್ಟಿಗೆ ತಂದು ಕೈಕಾಲಿನ ಕೆಳಗೆ ಇಟ್ಟುಕೊಂಡು ನೋಡಿದ್ದೂ ಆಗಲೇ. ಆರು ತಿಂಗಳಿಗೆಂದು ಹೋದವರು ಕೊನೆವರೆಗೂ ಪುಣೆಯವರಾದರು.

ಪಿಟೀಲು ವಾದಕನ ಭುಜ

1943ರಲ್ಲಿ ರಮಾಮಣಿ ಅವರೊಂದಿಗೆ ಮದುವೆ. ಐವರು ಹೆಣ್ಣುಮಕ್ಕಳು, ಒಬ್ಬ ಮಗ. ಯೋಗ ಕಲಿಸಿ ಇಷ್ಟು ದೊಡ್ಡ ಸಂಸಾರ ಸಾಕುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ.

1952ರಲ್ಲಿ ಜಗತ್ಪ್ರಸಿದ್ಧ ಪಿಟೀಲು ವಾದಕ ಯಹೂದಿ ಮೆನುಹಿನ್ ಭಾರತಕ್ಕೆ ಬಂದಿದ್ದರು. ವರ್ಷಗಟ್ಟಲೆ ಪಿಟೀಲು ಹಿಡಿದು ಮೈಕೈ ನೋವು, ಸುಸ್ತು, ನಿದ್ದೆ ಇಲ್ಲ. ಮುಂಬಯಿಯಲ್ಲಿ ಅಯ್ಯಂಗಾರ್ ಅವರಿಗೆ ಸಿಕ್ಕಿದ್ದು ಐದೇ ನಿಮಿಷದ ಭೇಟಿ. ಅವರು ಮೆನುಹಿನ್‌ರನ್ನು ಮಲಗಿಸಿ ವಿಶ್ರಾಂತಿ ಕೊಡಿಸಿದರು. ಎಷ್ಟೋ ದಿನದಿಂದ ನಿದ್ದೆ ಕಾಣದವರು ಅಲ್ಲೇ ನಿದ್ದೆ ಹೋದರು. ಐದು ನಿಮಿಷದ ಭೇಟಿ ಗಂಟೆಗಟ್ಟಲೆ ಬೆಳೆಯಿತು. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಜರ್‌ಲೆಂಡಿಗೆ ಕರೆಸಿಕೊಂಡರು. ಅಲ್ಲಿಂದ ಲಂಡನ್, ಅಮೆರಿಕ ಎಂದು ದಾರಿ ತೆರೆಯಿತು. ಬೆಲ್ಜಿಯಂನ ರಾಜಮಾತೆ ಎಲಿಜಬೆತ್ ಇಳಿವಯಸ್ಸಿನಲ್ಲಿ ಅವರಿಂದ ಶೀರ್ಷಾಸನ ಕಲಿತರು.

1966ರಲ್ಲಿ ‘ಲೈಟ್ ಆನ್ ಯೋಗ’ ಪುಸ್ತಕ ಹೊರಬಂತು. ಸುಮಾರು 200 ಆಸನಗಳು, 600ರಷ್ಟು ಫೋಟೋಗಳು, ಎಲ್ಲದರಲ್ಲೂ ಅವರೇ. ಇಂಗ್ಲಿಷಿನಲ್ಲಿ ನಪಾಸಾದ ಹುಡುಗ ಬರೆದ ಇಂಗ್ಲಿಷ್ ಪುಸ್ತಕ ಜಗತ್ತಿನ ಹತ್ತಾರು ಭಾಷೆಗೆ ಹೋಯಿತು. 1973ರಲ್ಲಿ ಪತ್ನಿ ತೀರಿಕೊಂಡರು. ಅವರ ಹೆಸರಿನಲ್ಲಿ ಕಟ್ಟಿದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ 1975ರ ಜನವರಿಯಲ್ಲಿ ಪುಣೆಯಲ್ಲಿ ಬಾಗಿಲು ತೆರೆಯಿತು.

ಮೂರು ತಿಂಗಳಲ್ಲಿ ಎರಡು ಅಪಘಾತ

1978ರ ಡಿಸೆಂಬರಿಗೆ 60 ತುಂಬಿತು. ಅಷ್ಟು ಹೊತ್ತಿಗೆ ಅವರ ಆಸನಗಳು ಉತ್ತುಂಗದಲ್ಲಿದ್ದವು. ವಯಸ್ಸಾಯ್ತು, ಇನ್ನು ಆಸನ ಕಡಿಮೆ ಮಾಡಿ ಧ್ಯಾನದ ಕಡೆ ಗಮನ ಕೊಡು ಎಂದು ಗುರು ಕೃಷ್ಣಮಾಚಾರ್ಯರು ಸಲಹೆ ಕೊಟ್ಟರು. ಶಿಷ್ಯ ಒಪ್ಪಿದರು. ಕೆಲವೇ ತಿಂಗಳಲ್ಲಿ ಮೈ ಬಿಗಿಯತೊಡಗಿತು.

1979ರಲ್ಲಿ ಸ್ಕೂಟರ್ ಅಪಘಾತ. ಭುಜ, ಬೆನ್ನುಮೂಳೆ, ಮೊಣಕಾಲಿಗೆ ಪೆಟ್ಟು. ಅದು ವಾಸಿಯಾಗುವ ಮೊದಲೇ, ಮೂರು ತಿಂಗಳ ಒಳಗೆ ಇನ್ನೊಂದು ಅಪಘಾತ. ಈ ಸಲ ಇನ್ನೊಂದು ಬದಿಯ ಭುಜ, ಮೊಣಕಾಲು. ಮುಂದಕ್ಕೆ ಬಾಗಲು ಆಗದು, ಬೆನ್ನು ತಿರುಗಿಸಲು ಆಗದು, ಕೈ ಎತ್ತುವುದೂ ಕಷ್ಟ. ಪುಸ್ತಕದಲ್ಲಿ 200 ಆಸನ ಮಾಡಿ ತೋರಿಸಿದ ಅದೇ ಮನುಷ್ಯ.

ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೆಸರಿತ್ತು, ಸಂಸ್ಥೆ ಇತ್ತು, ಲೋಕದ ತುಂಬ ಶಿಷ್ಯರಿದ್ದರು. ಮಗಳು ಗೀತಾ, ಮಗ ಪ್ರಶಾಂತ್ ಆಗಲೇ ಕಲಿಸುತ್ತಿದ್ದರು. ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟರೂ ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಜಗತ್ತೇ ಗುರು ಎಂದು ಒಪ್ಪಿದವರು ಶಿಷ್ಯರ ಕಣ್ಣೆದುರಿಗೇ ಹೊಸಬರ ಹಾಗೆ ತಡವರಿಸುವುದು ಮರ್ಯಾದೆಯ ಪ್ರಶ್ನೆಯೂ ಹೌದು.

ಅವರು ಹೊಸಬರಾಗುವುದಕ್ಕೇ ಒಪ್ಪಿಕೊಂಡರು. ಒಂದನೇ ಪಾಠದಿಂದ ಶುರು. ಮೊದಲು ಸುಮ್ಮನೆ ನೆಟ್ಟಗೆ ನಿಲ್ಲುವುದು, ಆಮೇಲೆ ನಿಂತು ಮಾಡುವ ಸುಲಭದ ಆಸನಗಳು. ಬೇರೆಯವರಿಗೆಂದು ತಾವೇ ಮಾಡಿಸಿದ್ದ ಸಲಕರಣೆಗಳು ಈಗ ಅವರಿಗೇ ಬೇಕಾದವು. ಬಗ್ಗಿದಾಗ ಕೈ ನೆಲಕ್ಕೆ ಮುಟ್ಟದಿದ್ದರೆ ಕೆಳಗೆ ಮರದ ಇಟ್ಟಿಗೆ. ಪಾದ ಹಿಡಿಯಲು ಸಿಗದಿದ್ದರೆ ಬೆಲ್ಟ್. ಬೆನ್ನು ಹಿಂದಕ್ಕೆ ಬಾಗಿಸಲು ಮರದ ಬೆಂಚು. ತಲೆಕೆಳಗಾಗಿ ನೇತಾಡಲು ಗೋಡೆಯ ಹಗ್ಗ. ಸರ್ವಾಂಗಾಸನಕ್ಕೆ ಮಡಚುವ ಕಬ್ಬಿಣದ ಕುರ್ಚಿ, ಕೆಳಗೆ ದಿಂಬು, ಕಂಬಳಿ. ನೋವಿರುವ ಕೀಲಿನ ಮೇಲೆ ಪೂರ್ತಿ ಭಾರ ಬೀಳದ ಹಾಗೆ ನೋಡಿಕೊಂಡು, ಆಸನದಲ್ಲಿ ಹೆಚ್ಚು ಹೊತ್ತು ಉಳಿಯಲು ಇದರಿಂದ ಆಗುತ್ತದೆ. ಮಾಡುವುದು ಅದೇ ಆಸನ, ಆಸರೆ ಮಾತ್ರ ಜಾಸ್ತಿ.

ತಿಂಗಳಲ್ಲಿ ಮುಗಿಯುವ ಕೆಲಸ ಇದಲ್ಲ. ವರ್ಷಗಳೇ ಹೋದವು. ಹೋದದ್ದೆಲ್ಲ ಮರಳಿ ಬರಲೂ ಇಲ್ಲ. ಆದರೆ ಬಹುಪಾಲು ಬಂತು. 80 ದಾಟಿದ ಮೇಲೂ, 90 ದಾಟಿದ ಮೇಲೂ ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ಅರ್ಧ ಗಂಟೆ ಶೀರ್ಷಾಸನದಲ್ಲಿ ನಿಲ್ಲುತ್ತಿದ್ದರು. 2011ರಲ್ಲಿ, 92ನೇ ವಯಸ್ಸಿನಲ್ಲಿ, ಚೀನಾಕ್ಕೆ ಹೋಗಿ ಪಾಠ ಮಾಡಿ ಬಂದರು.

ನೋವು ಕಲಿಸಿದ ಪಾಠ

ಅಯ್ಯಂಗಾರ್ ಸಿಟ್ಟಿನ ಮೇಷ್ಟ್ರು ಎಂದೇ ಹೆಸರಾದವರು. ತಪ್ಪು ಮಾಡಿದವರ ಮೇಲೆ ಕೂಗುತ್ತಿದ್ದರು, ಬೆನ್ನಿಗೆ ಒಂದು ಏಟು ಹಾಕಿ ಸರಿ ಮಾಡಿದ್ದೂ ಇದೆ. ಅದೇ ಮನುಷ್ಯ ಪುಣೆಯಲ್ಲಿ ರೋಗಿಗಳಿಗೆಂದು ನಡೆಯುತ್ತಿದ್ದ ತರಗತಿಯಲ್ಲಿ ಬೆನ್ನು ಹಿಡಿದವರನ್ನು, ಮೊಣಕಾಲು ಹೋದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಒಬ್ಬರಿಗೆ ಕುರ್ಚಿ, ಇನ್ನೊಬ್ಬರಿಗೆ ಹಗ್ಗ. ಎಲ್ಲರಿಗೂ ಒಂದೇ ಪಟ್ಟಿ ಇರಲಿಲ್ಲ. ಸಚಿನ್ ತೆಂಡೂಲ್ಕರ್, ಜಹೀರ್ ಖಾನ್ ತರಹದ ಕ್ರಿಕೆಟಿಗರೂ ಅವರ ಬಳಿ ಹೋದವರೇ.

ಅವರ ಬದುಕಿನ ಎರಡು ಗಾಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಆಟಗಾರರಿಗೆ ಬೇಕಾದ್ದು ಸಿಗುತ್ತದೆ. ಮೈಸೂರಿನಲ್ಲಿ ಸ್ನಾಯು ಹರಿದದ್ದು, ತಯಾರಿ ಇಲ್ಲದೆ ಯಾರದೋ ಎದುರು ಮಾಡಿ ತೋರಿಸಲು ಹೋಗಿ. ಪುಣೆಯಲ್ಲಿ ಚೇತರಿಸಿದ್ದು, ಯಾರಿಗೂ ತೋರಿಸುವ ಹಂಗಿಲ್ಲದೆ ಇಂದು ಎಷ್ಟು ಆಗುತ್ತದೋ ಅಷ್ಟನ್ನೇ ದಿನವೂ ಮಾಡಿ. ಲಿಗಮೆಂಟ್ ಹೋದವ ಪ್ಲಾಸ್ಟರ್ ಬಿಚ್ಚಿದ ವಾರವೇ ಫೈನಲ್ ಇದೆ ಎಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಅಂಕಣಕ್ಕೆ ಇಳಿಯುವುದು ಮೊದಲನೆಯ ದಾರಿ. ಅದರ ಕಥೆ ಎಲ್ಲ ಊರಲ್ಲೂ ಇದೆ. ಡಾಕ್ಟರು, ಫಿಸಿಯೋ ಹೇಳಿದಷ್ಟನ್ನು ತಪ್ಪದೆ ಮಾಡುವುದು, ಅಷ್ಟರವರೆಗೆ ಸ್ಕೋರ್ ಬರೆಯುವುದು, ಲೈನ್ ನೋಡುವುದು, ಮಕ್ಕಳಿಗೆ ಹೇಳಿಕೊಡುವುದು, ವಾಪಸ್ ಹೋದಾಗ ಕಿರಿಯರ ಜೊತೆ ಮೊದಲ ಪಾಠಕ್ಕೆ ನಿಲ್ಲಲು ನಾಚಿಕೆ ಪಡದಿರುವುದು ಎರಡನೆಯ ದಾರಿ. ಇದು ನಿಧಾನ. ಆದರೆ ಆಟದ ಸಂಪರ್ಕ ತಪ್ಪುವುದಿಲ್ಲ.

ಊರು ಮರೆಯಲಿಲ್ಲ

1991ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ, 2014ರಲ್ಲಿ ಪದ್ಮವಿಭೂಷಣ ಬಂತು. ಜಗತ್ತು ಸುತ್ತಿದರೂ ಹುಟ್ಟಿದ ಬೆಳ್ಳೂರನ್ನು ಅವರು ಬಿಡಲಿಲ್ಲ. ಅಲ್ಲಿ ಶಾಲೆ, ಆಸ್ಪತ್ರೆ, ಪತಂಜಲಿ ಮಹರ್ಷಿಯ ಗುಡಿ ಅವರ ಪ್ರಯತ್ನದಿಂದ ಆದವು. 2014ರ ಆಗಸ್ಟ್ 20ರಂದು ಪುಣೆಯಲ್ಲಿ ತೀರಿಕೊಂಡರು. ಬದುಕುವುದೇ ಕಷ್ಟ ಅನ್ನಿಸಿದ್ದ ಮಗು 95 ವರ್ಷ ಬಾಳಿತ್ತು.

ಅವರ ಕ್ರಮದಲ್ಲಿ ಯೋಗ ಕಲಿಸುವ ಶಾಲೆಗಳು ಇಂದು ಎಲ್ಲ ಖಂಡಗಳಲ್ಲೂ ಇವೆ. ಯಾವ ಶಾಲೆಗೆ ಹೋದರೂ ಒಂದು ಮೂಲೆಯಲ್ಲಿ ಮಡಚುವ ಕಬ್ಬಿಣದ ಕುರ್ಚಿಗಳು ಸಾಲಾಗಿ ಇರುತ್ತವೆ. ನಮ್ಮ ಶಾಮಿಯಾನದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವಂಥದ್ದೇ. ಪಂದ್ಯಾಟದ ರಾತ್ರಿ ಗಾಯಾಳು ಆಟಗಾರ ಕೂರುವುದೂ ಅಂಥದ್ದೇ ಕುರ್ಚಿಯಲ್ಲಿ. ಅಯ್ಯಂಗಾರ್ ಅದರಲ್ಲಿ ಕೂತು ಸುಮ್ಮನಾಗಲಿಲ್ಲ. ಅದನ್ನೇ ಹಿಡಿದುಕೊಂಡು ಮೇಲೆದ್ದರು.