ನಮತ್ಜೀರ: ಪೌರತ್ವವೇ ಉರುಳಾದ ಕಥೆ

1958ರಲ್ಲಿ ಆಸ್ಟ್ರೇಲಿಯಾದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ನ್ಯಾಯಾಲಯದಲ್ಲಿ ವಿಚಿತ್ರ ಮೊಕದ್ದಮೆಯೊಂದು ನಡೆಯಿತು. ಆರೋಪಿಯ ಸ್ಥಾನದಲ್ಲಿದ್ದವರು ಆ ದೇಶದ ಅತ್ಯಂತ ಜನಪ್ರಿಯ ಚಿತ್ರಕಾರರಲ್ಲೊಬ್ಬರಾದ ಆಲ್ಬರ್ಟ್ ನಮತ್ಜೀರ. ಅವರ ಚಿತ್ರಗಳ ಮುದ್ರಿತ ಪ್ರತಿಗಳು ನಗರಗಳ ಮಧ್ಯಮವರ್ಗದ ಮನೆಗಳ ಹಜಾರವನ್ನು ಅಲಂಕರಿಸಿದ್ದವು. ನಾಲ್ಕು ವರ್ಷಗಳ ಹಿಂದೆಯಷ್ಟೇ ಅವರನ್ನು ಕ್ಯಾನ್‌ಬೆರಾಗೆ ಕರೆಸಿ ರಾಣಿ ಎರಡನೇ ಎಲಿಜಬೆತ್‌ಗೆ ಪರಿಚಯಿಸಲಾಗಿತ್ತು. ಈಗ ಅವರ ಮೇಲಿದ್ದ ಆಪಾದನೆ ಇಷ್ಟೇ: ತನ್ನದೇ ಬುಡಕಟ್ಟಿನ ಸಹಕಲಾವಿದನೊಬ್ಬನ ಕೈಗೆ ರಮ್ ಬಾಟಲಿ ಸಿಗುವಂತೆ ಮಾಡಿದರು ಎಂಬುದು. ನ್ಯಾಯಾಲಯ ವಿಧಿಸಿದ್ದು ಆರು ತಿಂಗಳ ಸಜೆ.

ಮದ್ಯ ಕುಡಿಯುವುದು ಅಪರಾಧವಾಗಿರಲಿಲ್ಲ, ಕೊಳ್ಳುವುದೂ ಅಪರಾಧವಾಗಿರಲಿಲ್ಲ. ಪೌರರೊಬ್ಬರು ಪೌರನಲ್ಲದವನೊಡನೆ ಅದನ್ನು ಹಂಚಿಕೊಂಡದ್ದು ಅಪರಾಧವಾಗಿತ್ತು. ಒಂದೇ ನೆಲದಲ್ಲಿ ಹುಟ್ಟಿ, ಒಂದೇ ಭಾಷೆಯಾಡುತ್ತಿದ್ದ ಇಬ್ಬರ ನಡುವೆ ಈ ಗೆರೆ ಎಳೆದವರು ಯಾರು, ಏಕೆ ಎಂಬುದು ತಿಳಿಯಬೇಕಾದರೆ ನಮತ್ಜೀರ ಅವರ ಬದುಕನ್ನು ಮೊದಲಿನಿಂದ ನೋಡಬೇಕು.

1902ರ ಜುಲೈ 28ರಂದು ಅವರು ಹುಟ್ಟಿದ್ದು ಆಲಿಸ್ ಸ್ಪ್ರಿಂಗ್ಸ್‌ಗೆ ಪಶ್ಚಿಮದಲ್ಲಿರುವ ಹರ್ಮನ್ಸ್‌ಬರ್ಗ್‌ನಲ್ಲಿ. ಜರ್ಮನಿಯಿಂದ ಬಂದ ಲೂಥರನ್ ಪಾದ್ರಿಗಳು ಕಟ್ಟಿದ ಮಿಷನ್ ಅದು. ಅಲ್ಲಿನ ನೆಲದವರು ಪಶ್ಚಿಮ ಅರಂಡ ಜನ. ತಂದೆತಾಯಿ ಇಟ್ಟ ಹೆಸರು ಎಲಿಯ. ಅವರು ಕ್ರೈಸ್ತರಾದ ಮೇಲೆ ಮಗು ಆಲ್ಬರ್ಟ್ ಆಯಿತು. ಆ ಮಿಷನ್ನಿನ ಮುಖ್ಯಸ್ಥ ಕಾರ್ಲ್ ಸ್ಟ್ರೆಲೋ ಒಂದು ಕೈಯಲ್ಲಿ ಅರಂಡರ ಭಾಷೆ, ಪುರಾಣ, ಹಾಡುಗಳನ್ನು ಅಪಾರ ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುತ್ತಿದ್ದರು, ಇನ್ನೊಂದು ಕೈಯಲ್ಲಿ ಅವೇ ಹಾಡುಗಳ ಆಚರಣೆಗೆ ತಡೆಯೊಡ್ಡುತ್ತಿದ್ದರು. ವಿದ್ವತ್ತು ಮತ್ತು ಧರ್ಮಪ್ರಚಾರ ಒಂದೇ ಮನುಷ್ಯನಲ್ಲಿ ಸೇರಿದಾಗ ಇಂಥ ವೈರುಧ್ಯ ಅಪರೂಪವೇನಲ್ಲ.

ಬಾಲಕ ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ಓದು ಕಲಿತ, ಭಜನೆ ಹಾಡಿದ. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಹಿರಿಯರು ಅವನನ್ನು ಕಾಡಿಗೆ ಕರೆದೊಯ್ದರು. ಆರು ತಿಂಗಳ ಕಾಲ ಅಲ್ಲಿದ್ದು, ಗಂಡುಮಕ್ಕಳಿಗೆ ಸಲ್ಲುವ ದೀಕ್ಷೆ ಪಡೆದು, ತನ್ನ ಕುಲದ ಕಥೆ-ಕಟ್ಟಳೆಗಳನ್ನು ಕಲಿತು ಆತ ಮರಳಿದ. ಮುಂದೆ ಈ ಎರಡನೆಯ ಶಾಲೆಯ ಪಾಠವನ್ನು ಅವರ ಚಿತ್ರಗಳಲ್ಲಿ ಯಾರೂ ಹುಡುಕಲಿಲ್ಲ ಎಂಬುದು ಬೇರೆ ಮಾತು.

ಹದಿನೆಂಟರ ಪ್ರಾಯದಲ್ಲಿ ಅವರು ನೆರೆಯ ಬುಡಕಟ್ಟಿನ ಇಲ್ಕಲಿಟ ಎಂಬ ಹುಡುಗಿಯನ್ನು ಕೈಹಿಡಿದರು. ಅರಂಡರ ಕುಲವಿಭಾಗಗಳ ಪ್ರಕಾರ ಅದು ಕೂಡದ ಸಂಬಂಧ. ನಿಯಮ ಮುರಿದ ಜೋಡಿ ಕೆಲವು ವರ್ಷ ಊರು ಬಿಟ್ಟಿರಬೇಕಾಯಿತು. ಒಂಟೆ ಹೊಡೆಯುತ್ತ, ದನಗಳ ಕೇಂದ್ರಗಳಲ್ಲಿ ದುಡಿಯುತ್ತ ಅಲೆದ ಆ ವರ್ಷಗಳಲ್ಲೇ ನಮತ್ಜೀರ ತಮ್ಮ ಸೀಮೆಯ ಪ್ರತಿ ಬೆಟ್ಟ, ಪ್ರತಿ ನೀರಗುಂಡಿಯನ್ನು ಕಾಲ್ನಡಿಗೆಯಲ್ಲಿ ಬಲ್ಲವರಾದರು. 1923ರಲ್ಲಿ ದಂಪತಿ ಮಿಷನ್ನಿಗೆ ಮರಳಿದರು. ಇಲ್ಕಲಿಟ ರುಬೀನಾ ಆದಳು. ಆ ದಶಕದ ಕೊನೆಯ ಭೀಕರ ಬರಗಾಲ ಮಿಷನ್ನಿನ ಅನೇಕ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಹೊಟ್ಟೆಪಾಡಿಗಾಗಿ ಜನ ಮರದ ಕರಕುಶಲ ವಸ್ತುಗಳನ್ನು ಮಾಡಿ ಮಾರತೊಡಗಿದರು. ಕಾಯಿಸಿದ ತಂತಿಯಿಂದ ಬೂಮರಾಂಗ್‌ಗಳ ಮೇಲೆ ಚಿತ್ರ ಸುಡುವುದರಲ್ಲಿ ನಮತ್ಜೀರ ಎದ್ದು ಕಂಡರು.

1934ರಲ್ಲಿ ರೆಕ್ಸ್ ಬ್ಯಾಟರ್ಬಿ ಮತ್ತು ಜಾನ್ ಗಾರ್ಡ್ನರ್ ಎಂಬ ಇಬ್ಬರು ಬಿಳಿಯ ಕಲಾವಿದರು ತಮ್ಮ ಜಲವರ್ಣ ಚಿತ್ರಗಳನ್ನು ಹರ್ಮನ್ಸ್‌ಬರ್ಗ್‌ನಲ್ಲಿ ಪ್ರದರ್ಶಿಸಿದರು. ತಾವು ದಿನವೂ ಕಾಣುವ ಬೆಟ್ಟಗಳು ಕಾಗದದ ಮೇಲೆ ಮೂಡಿದ್ದನ್ನು ಅರಂಡರು ಕಂಡರು. ಎರಡು ವರ್ಷಗಳ ಬಳಿಕ ಬ್ಯಾಟರ್ಬಿ ಮತ್ತೆ ಬಂದಾಗ ನಮತ್ಜೀರ ಅವರ ಒಂಟೆಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದರು, ಪ್ರತಿಯಾಗಿ ಬಣ್ಣದ ವಿದ್ಯೆ ಕೇಳಿದರು. ಕಲಿಕೆ ನಡೆದದ್ದು ಸುಮಾರು ಎರಡು ತಿಂಗಳು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ 41 ಚಿತ್ರಗಳೂ ಮಾರಾಟವಾದವು. ಮರುವರ್ಷ ದಕ್ಷಿಣ ಆಸ್ಟ್ರೇಲಿಯಾದ ಕಲಾ ಗ್ಯಾಲರಿ ಅವರ ಒಂದು ಕೃತಿಯನ್ನು ಕೊಂಡಿತು. 1944ರಲ್ಲಿ ದೇಶದ ಗಣ್ಯವ್ಯಕ್ತಿಗಳ ಪರಿಚಯಕೋಶದಲ್ಲಿ ಅವರ ಹೆಸರು ಸೇರಿತು. ಮೂಲನಿವಾಸಿಯೊಬ್ಬರಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು.

ಅವರ ಚಿತ್ರಗಳಲ್ಲಿ ಏನಿದೆ? ಮುಂಬದಿಯಲ್ಲಿ ಬೆಳ್ಳನೆಯ ಕಾಂಡದ ಘೋಸ್ಟ್ ಗಮ್ ಮರ (ನಾವು ನೀಲಗಿರಿ ಎಂದು ಕರೆಯುವ ಮರದ ದಾಯಾದಿ ಇದು), ಅದರಾಚೆ ಕೆಂಪು ನೆಲ, ದೂರದಲ್ಲಿ ನೇರಳೆ-ನೀಲಿ ಪರ್ವತಶ್ರೇಣಿ, ಮೇಲೆ ನಿರ್ಮಲ ಆಕಾಶ. ನೋಡಲು ಹಿತ, ಅರ್ಥಮಾಡಿಕೊಳ್ಳಲು ಸುಲಭ. ಜನ ಮುಗಿಬಿದ್ದು ಕೊಂಡರು. ಅದೇ ಕಾರಣಕ್ಕೆ ವಿಮರ್ಶಕರಲ್ಲಿ ಹಲವರು ಮೂಗುಮುರಿದರು. ಬಿಳಿಯರ ಶೈಲಿಯ ಜಾಣ ಅನುಕರಣೆ, ತನ್ನತನ ಕಳೆದುಕೊಂಡ ಕಲೆ ಎಂದು ದಶಕಗಳ ಕಾಲ ಷರಾ ಬರೆದರು. ಸರ್ಕಾರಕ್ಕೂ ಈ ವ್ಯಾಖ್ಯಾನ ಅನುಕೂಲಕರವಾಗಿತ್ತು. ಮೂಲನಿವಾಸಿಗಳನ್ನು ಬಿಳಿಯ ಸಮಾಜದಲ್ಲಿ ಕರಗಿಸಿಬಿಡುವ ನೀತಿಗೆ ಕೋಟು ತೊಟ್ಟು, ಜಲವರ್ಣ ಬಿಡಿಸುವ ನಮತ್ಜೀರ ಅವರಿಗಿಂತ ಒಳ್ಳೆಯ ಜಾಹೀರಾತು ಬೇರೇನಿತ್ತು?

ಹೊಗಳಿದವರೂ ತೆಗಳಿದವರೂ ಒಂದು ಸಂಗತಿಯನ್ನು ಗಮನಿಸಲಿಲ್ಲ. ಅರಂಡರಿಗೆ ಬೆಟ್ಟವೆಂದರೆ ಬರಿಯ ದೃಶ್ಯವಲ್ಲ. ಸೃಷ್ಟಿಯ ಆದಿಯಲ್ಲಿ ಮೂಲಪುರುಷರು ಈ ನೆಲದ ಮೇಲೆ ನಡೆದಾಡಿದರು, ಅವರ ದೇಹ ಮತ್ತು ಕೃತ್ಯಗಳೇ ಬೆಟ್ಟ, ಕಣಿವೆ, ಹೊಳೆಗಳಾಗಿ ಉಳಿದವು ಎಂಬುದು ಅವರ ನಂಬಿಕೆ. ಇಂಗ್ಲಿಷಿನವರು ಇದನ್ನು ಡ್ರೀಮಿಂಗ್ ಎಂದು ಕರೆದರು. ಕನಸು ಎಂಬ ಆ ಶಬ್ದ ತೀರ ಬಡಕಲು. ಇಲ್ಲಿ ಪುರಾಣ, ಕಾನೂನು, ಭೂಪಟ, ವಂಶಾವಳಿ ಎಲ್ಲವೂ ಒಂದೇ. ಯಾವ ಜಾಗದ ಹಾಡನ್ನು ಯಾರು ಹಾಡಬಹುದು, ಯಾವ ರೇಖಾಕೃತಿಯನ್ನು ಯಾರು ಬಿಡಿಸಬಹುದು ಎಂಬುದು ತಂದೆಯ ಕಡೆಯಿಂದ, ತಾಯಿಯ ಕಡೆಯಿಂದ ಬಂದ ಹಕ್ಕುಗಳಿಂದ ನಿರ್ಧಾರವಾಗುತ್ತದೆ. ದೀಕ್ಷೆ ಪಡೆಯದವರಿಗೆ ತೋರಿಸಬಾರದ ಆಕೃತಿಗಳೂ ಇವೆ. ನಮತ್ಜೀರ ಮತ್ತೆ ಮತ್ತೆ ಬಿಡಿಸಿದ್ದು ತಮಗೆ ಹುಟ್ಟಿನಿಂದ ಸಂಬಂಧವಿದ್ದ ತಾಣಗಳನ್ನು. ಪಾಮ್ ವ್ಯಾಲಿ ಅವರ ತಾಯಿಯ ಕಡೆಯ ನೆಲ. ಒಂದೇ ಬೆಟ್ಟವನ್ನು ಹತ್ತಾರು ಸಲ ಬಿಡಿಸಿದ್ದನ್ನು ಮಾರುಕಟ್ಟೆಯ ಆಸೆಯೆಂದು ತಿಳಿದವರಿದ್ದರು. ತನ್ನ ಪಾಲಿನ ನೆಲವನ್ನು ಹೆಸರಿಟ್ಟು ಕರೆಯುವ ರೀತಿಯೂ ಅದಾಗಿದ್ದೀತು ಎಂದು ಇತ್ತೀಚಿನ ವಿದ್ವಾಂಸರು ಹೇಳುತ್ತಾರೆ. ಜಲವರ್ಣದಲ್ಲಿ ಇನ್ನೊಂದು ಅನುಕೂಲವೂ ಇತ್ತೆಂದು ಕಾಣುತ್ತದೆ. ಪವಿತ್ರ ಆಕೃತಿ ಒಂದನ್ನೂ ಬಯಲುಮಾಡದೆ ಪವಿತ್ರ ಸ್ಥಳವನ್ನು ಪರರ ಕಣ್ಣೆದುರೇ ಇಡಬಹುದಿತ್ತು.

ಹಣ ಬಂತು. ಅರಂಡರ ಕಟ್ಟಳೆಯಂತೆ ಅದು ಒಬ್ಬನದಾಗಿ ಉಳಿಯಲಿಲ್ಲ. ಬಂಧುಬಳಗವೆಲ್ಲ ಅದರ ಹಕ್ಕುದಾರರು. ಸರ್ಕಾರವೂ ಪಾಲು ಕೇಳಿತು, ಮತದಾನದ ಹಕ್ಕಿಲ್ಲದ ಮನುಷ್ಯನಿಂದ ಆದಾಯ ತೆರಿಗೆ ವಸೂಲು ಮಾಡಿತು. ಬಂದ ಗಳಿಕೆಯಿಂದ ದನ ಸಾಕಲು ಗೋಮಾಳ ಗುತ್ತಿಗೆಗೆ ಕೇಳಿದರೆ ನಿರಾಕರಣೆ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಿಕೊಳ್ಳಲು ಹೋದರೆ ಅದಕ್ಕೂ ಕಾನೂನಿನ ಅಡ್ಡಿ. ಪಟ್ಟಣದ ಅಂಗಡಿಗಳಲ್ಲಿ ಅವರ ಚಿತ್ರಗಳಿಗೆ ಜಾಗವಿತ್ತು, ಅವರಿಗೆ ಮಾತ್ರ ಹೊರವಲಯದ ಬಿಡಾರವೇ ಗತಿ. ವಿಲಿಯಂ ಡಾರ್ಗಿ ಬಿಡಿಸಿದ ನಮತ್ಜೀರ ಭಾವಚಿತ್ರಕ್ಕೆ 1956ರ ಆರ್ಚಿಬಾಲ್ಡ್ ಪ್ರಶಸ್ತಿ ಬಂದಾಗಲೂ ಈ ಸ್ಥಿತಿ ಬದಲಾಗಿರಲಿಲ್ಲ.

1957ರಲ್ಲಿ ಉತ್ತರ ಪ್ರಾಂತ್ಯದ ಆಡಳಿತ ಅಲ್ಲಿನ ಬಹುತೇಕ ಎಲ್ಲ ಮೂಲನಿವಾಸಿಗಳನ್ನೂ ಸರ್ಕಾರದ ಪಾಲಿತರೆಂದು ಪಟ್ಟಿ ಮಾಡಿತು. ಪ್ರಾಯಕ್ಕೆ ಬಂದವರನ್ನೂ ಅಪ್ರಾಪ್ತ ಮಕ್ಕಳಂತೆ ಕಾಣುವ ಕಾನೂನು ಅದು. ಆ ಪಟ್ಟಿಯಿಂದ ನಮತ್ಜೀರ ಮತ್ತು ರುಬೀನಾರ ಹೆಸರನ್ನು ಕೈಬಿಟ್ಟದ್ದೇ ಅವರಿಗೆ ದೊರೆತ ಪೌರತ್ವ. ಈಗ ಅವರು ಮತ ಹಾಕಬಹುದು, ಮನೆ ಕಟ್ಟಬಹುದು, ಮದ್ಯ ಕೊಳ್ಳಬಹುದು. ಅವರ ಮಕ್ಕಳಿಗೆ ಈ ಯಾವುದೂ ಇಲ್ಲ. ಇದ್ದುದನ್ನು ಹಂಚಿ ಉಣ್ಣದವನು ಮನುಷ್ಯನೇ ಅಲ್ಲವೆನ್ನುವ ಸಮಾಜದಲ್ಲಿ ಒಬ್ಬನಿಗೆ ಮಾತ್ರ ಹಕ್ಕು ಕೊಟ್ಟು, ಹಂಚಿದರೆ ಜೈಲು ಎಂದದ್ದು ಎಂಥ ಕೊಡುಗೆ? ಕಾನೂನು ರೂಪಿಸಿದವರಿಗೆ ಇದು ಹೊಳೆಯಲಿಲ್ಲವೆಂದು ನಂಬುವುದು ಕಷ್ಟ.

ಬಿಡಾರದಲ್ಲಿ ಕುಡಿತದ ನಡುವೆ ಯುವತಿಯೊಬ್ಬಳ ಕೊಲೆಯಾದ ಮೇಲೆ ಅಧಿಕಾರಿಗಳ ಕಣ್ಣು ಅವರ ಮೇಲೆ ಬಿತ್ತು. ಮುಂದಿನದು ಮೇಲೆ ಹೇಳಿದ ಮೊಕದ್ದಮೆ. ತೀರ್ಪಿನ ವಿರುದ್ಧ ದೇಶದಾದ್ಯಂತ ಜನ ಸಿಡಿದೆದ್ದರು. ಮೇಲ್ಮನವಿಯಲ್ಲಿ ಸಜೆ ಮೂರು ತಿಂಗಳಿಗೆ ಇಳಿಯಿತು, ಆದರೆ ರದ್ದಾಗಲಿಲ್ಲ. 1959ರಲ್ಲಿ ಪಪುನ್ಯ ಎಂಬ ಸರ್ಕಾರಿ ವಸಾಹತಿನಲ್ಲಿ ಅದನ್ನು ಅನುಭವಿಸಿ ಎರಡು ತಿಂಗಳಿಗೆ ಹೊರಬಂದವರು ಮೊದಲಿನ ಮನುಷ್ಯನಾಗಿರಲಿಲ್ಲ. ಆಸ್ಪತ್ರೆ ಸೇರಿದಾಗ ನೋಡಲು ಬಂದ ಹಳೆಯ ಗುರು ಬ್ಯಾಟರ್ಬಿಗೆ ಮೂರು ಭೂದೃಶ್ಯಗಳನ್ನು ಕೊಟ್ಟರು, ಇನ್ನಷ್ಟು ಕೊಡುವುದಾಗಿಯೂ ಮಾತು ಕೊಟ್ಟರು. ಆಗಸ್ಟ್ 8ರಂದು ತೀರಿಕೊಂಡರು. ಆಗ ಅವರಿಗೆ 57 ವರ್ಷ. ಬಿಟ್ಟುಹೋದದ್ದು ಸುಮಾರು ಎರಡು ಸಾವಿರ ಚಿತ್ರಗಳು.

ಅವರು ಸಜೆ ಅನುಭವಿಸಿದ ಅದೇ ಪಪುನ್ಯದಲ್ಲಿ ಹನ್ನೆರಡು ವರ್ಷಗಳ ನಂತರ, 1971ರಲ್ಲಿ, ಬುಡಕಟ್ಟಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ಚಿತ್ರಿಸಿದರು. ಇಂದು ಜಗತ್ತು ಆಸ್ಟ್ರೇಲಿಯಾದ ಮೂಲನಿವಾಸಿ ಕಲೆ ಎಂದೊಡನೆ ನೆನೆಯುವ ಚುಕ್ಕಿಚಿತ್ರಗಳ ಚಳವಳಿ ಬೆಳೆದದ್ದು ಅಲ್ಲಿಂದ. ಅದರ ಹೊಳಪಿನಲ್ಲಿ ನಮತ್ಜೀರ ಇನ್ನಷ್ಟು ಮಂಕಾದರು. ಚುಕ್ಕಿಯಿದ್ದರೆ ಅಸಲಿ, ಜಲವರ್ಣವಾದರೆ ನಕಲಿ ಎಂಬ ಹೊಸ ಸರಳೀಕರಣ ಹಳೆಯದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಹರ್ಮನ್ಸ್‌ಬರ್ಗ್‌ನಲ್ಲಿ ಮಾತ್ರ ಅವರ ಮಕ್ಕಳು, ಮೊಮ್ಮಕ್ಕಳು ಜಲವರ್ಣವನ್ನು ಬಿಡಲಿಲ್ಲ. ಮರಿಮಗ ವಿನ್ಸೆಂಟ್ ನಮತ್ಜೀರ 2020ರಲ್ಲಿ ಆರ್ಚಿಬಾಲ್ಡ್ ಪ್ರಶಸ್ತಿ ಪಡೆದ ಮೊದಲ ಮೂಲನಿವಾಸಿ ಕಲಾವಿದರಾದರು.

ಚಿತ್ರಗಳ ಹಕ್ಕುಸ್ವಾಮ್ಯದ ಕಥೆ ಬೇರೆಯೇ ಇದೆ. 1957ರಲ್ಲಿ ನಮತ್ಜೀರ ಮುದ್ರಣ ಸಂಸ್ಥೆಯೊಂದರೊಡನೆ ರಾಯಧನದ ಒಪ್ಪಂದ ಮಾಡಿಕೊಂಡಿದ್ದರು. ಅವರ ಸಾವಿನ ನಂತರ ಆಸ್ತಿಯ ಉಸ್ತುವಾರಿ ಸರ್ಕಾರಿ ಧರ್ಮದರ್ಶಿಗೆ ಹೋಯಿತು. ಆ ಅಧಿಕಾರಿ 1983ರಲ್ಲಿ ಇಡೀ ಹಕ್ಕನ್ನು 8,500 ಡಾಲರಿಗೆ ಅದೇ ಸಂಸ್ಥೆಗೆ ಮಾರಿಬಿಟ್ಟರು. ಅಲ್ಲಿಂದಾಚೆಗೆ ಅಜ್ಜನ ಚಿತ್ರ ಎಲ್ಲಿ ಅಚ್ಚಾದರೂ ಕುಟುಂಬಕ್ಕೆ ಬಿಡಿಗಾಸೂ ಬರಲಿಲ್ಲ. ವರ್ಷಗಟ್ಟಲೆ ನಡೆದ ಹೋರಾಟದ ಬಳಿಕ, 2017ರಲ್ಲಿ ಹಕ್ಕು ನಮತ್ಜೀರ ಕುಟುಂಬದ ಟ್ರಸ್ಟ್‌ಗೆ ಮರಳಿತು. ಕಲಾವಿದ ಸತ್ತ ಎಪ್ಪತ್ತು ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆಂಬುದು ಆಸ್ಟ್ರೇಲಿಯಾದ ಕಾನೂನು. ಆ ಲೆಕ್ಕದಲ್ಲಿ ಅದು ಕುಟುಂಬದ ಕೈಯಲ್ಲಿರುವುದು 2029ರ ಕೊನೆಯವರೆಗೆ.