ಡಾ. ಸರ್ವೆಪಲ್ಲಿ ರಾಧಾಕೃಷ್ಣನ್: ಪಠ್ಯಕ್ರಮದಲ್ಲಿ ಹೊಲಕ್ಕೂ ಸ್ಥಾನ ಕೇಳಿದ ಶಿಕ್ಷಣತಜ್ಞ

ಸೆಪ್ಟೆಂಬರ್ 5ರಂದು ದೇಶದೆಲ್ಲೆಡೆ ಶಿಕ್ಷಕರ ದಿನಾಚರಣೆ ನಡೆಯುತ್ತದೆ. ಅಂದು ಸ್ಮರಿಸಲ್ಪಡುವ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರನ್ನು ತತ್ತ್ವಜ್ಞಾನಿ ಎಂದೂ ರಾಷ್ಟ್ರಪತಿ ಎಂದೂ ಎಲ್ಲರೂ ಬಲ್ಲರು. ಆದರೆ ಕೃಷಿ ಪದವಿ ಓದುವ ವಿದ್ಯಾರ್ಥಿಯು ಏನನ್ನು, ಎಲ್ಲಿ, ಯಾರಿಂದ ಕಲಿಯಬೇಕು ಎಂಬ ಪ್ರಶ್ನೆಯನ್ನು ಸ್ವತಂತ್ರ ಭಾರತದಲ್ಲಿ ಮೊದಲು ಗಂಭೀರವಾಗಿ ಪರಿಶೀಲಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು ಎಂಬ ಸಂಗತಿ ರೈತ ಬಾಂಧವರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಜೀವನದ ಈ ಭಾಗವನ್ನು ಇಲ್ಲಿ ಪರಿಚಯಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಧಾಕೃಷ್ಣನ್ ಅವರು 1888ರ ಸೆಪ್ಟೆಂಬರ್ 5ರಂದು ತಿರುತ್ತಣಿಯಲ್ಲಿ ಜನಿಸಿದರು. ತಂದೆ ವೀರಾಸ್ವಾಮಿಯವರು ಜಮೀನ್ದಾರರ ಬಳಿ ಕಂದಾಯ ಕೆಲಸ ನೋಡಿಕೊಳ್ಳುತ್ತಿದ್ದ ಸಾಮಾನ್ಯ ನೌಕರರು. ಮನೆಯಲ್ಲಿ ಅನುಕೂಲವಿರಲಿಲ್ಲ. ತಿರುಪತಿ ಮತ್ತು ವೆಲ್ಲೂರುಗಳಲ್ಲಿ ಓದಿ, ವಿದ್ಯಾರ್ಥಿವೇತನದ ಬಲದಿಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅದೇ ಕಾಲೇಜಿನಲ್ಲಿ ಪದವಿ ಪಡೆದ ಬಂಧುವೊಬ್ಬರು ತಮ್ಮ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟಿದ್ದರಿಂದ ಅದೇ ವಿಷಯವನ್ನು ಆರಿಸಿಕೊಂಡರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಹಣವಿಲ್ಲದ ಮನೆಯ ಹುಡುಗನ ವಿಷಯವನ್ನು ಅಭಿರುಚಿಗಿಂತ ಮೊದಲು ಪರಿಸ್ಥಿತಿಯೇ ನಿರ್ಧರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

1909ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಅಧ್ಯಾಪನ ವೃತ್ತಿ ಆರಂಭವಾಯಿತು. ಭಾರತೀಯ ದರ್ಶನಗಳನ್ನೂ ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನೂ ಒಟ್ಟಿಗೆ ಇರಿಸಿ ಬೋಧಿಸುವುದು ಅವರ ವೈಶಿಷ್ಟ್ಯವಾಗಿತ್ತು.

ಮೈಸೂರಿನ ದಿನಗಳು

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ, 1918ರಲ್ಲಿ, ರಾಧಾಕೃಷ್ಣನ್ ಅವರು ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ, ಕುದುರೆಗಳ ಬದಲಿಗೆ ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರು. ಆ ಬೀಳ್ಕೊಡುಗೆಯನ್ನು ಮೈಸೂರು ಇಂದಿಗೂ ನೆನೆಯುತ್ತದೆ.

ಒಂದೇ ಆವರಣದಲ್ಲಿ ಹಲವು ವಿದ್ಯೆಗಳು

1931ರಿಂದ 1936ರವರೆಗೆ ಅವರು ಆಂಧ್ರ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಸ್ವತಃ ತತ್ತ್ವಶಾಸ್ತ್ರದವರಾಗಿದ್ದರೂ ವಿಜ್ಞಾನ ಮತ್ತು ತಂತ್ರಜ್ಞಾನದ ವಿಭಾಗಗಳನ್ನು ಕಟ್ಟುವುದಕ್ಕೆ ಒತ್ತು ಕೊಟ್ಟರು. ರಸಾಯನಶಾಸ್ತ್ರಜ್ಞ ಟಿ. ಆರ್. ಶೇಷಾದ್ರಿಯವರು ಅಲ್ಲಿಗೆ ಬಂದದ್ದು 1933ರಲ್ಲಿ, ಇವರ ಕಾಲದಲ್ಲಿಯೇ. ಮುಂದೆ 1939ರಿಂದ 1948ರವರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಹೊಣೆ ಹೊತ್ತರು. ಅಲ್ಲಿ ಸಂಸ್ಕೃತ, ಎಂಜಿನಿಯರಿಂಗ್, ಆಯುರ್ವೇದ ಮತ್ತು ಕೃಷಿ ಒಂದೇ ಆವರಣದಲ್ಲಿದ್ದವು. ಬೇರೆ ಬೇರೆ ವಿದ್ಯೆಗಳು ಅಕ್ಕಪಕ್ಕದಲ್ಲಿದ್ದರೆ ಸಾಲದು, ಅವು ವಿದ್ಯಾರ್ಥಿಯ ಮನಸ್ಸಿನಲ್ಲಿಯೂ ಕೂಡಬೇಕು ಎಂಬ ವಿಚಾರ ಮುಂದೆ ಅವರ ಆಯೋಗದ ವರದಿಯಲ್ಲಿ ಸ್ಪಷ್ಟರೂಪ ಪಡೆಯಿತು.

ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ

1948ರ ನವೆಂಬರ್‌ನಲ್ಲಿ ಭಾರತ ಸರ್ಕಾರವು ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಹತ್ತು ಸದಸ್ಯರ ಆಯೋಗವನ್ನು ನೇಮಿಸಿತು. ಭೌತವಿಜ್ಞಾನಿ ಮೇಘನಾದ ಸಾಹಾ, ವೈದ್ಯ ಲಕ್ಷ್ಮಣಸ್ವಾಮಿ ಮುದಲಿಯಾರ್, ಇತಿಹಾಸಕಾರ ತಾರಾಚಂದ್, ಬುನಾದಿ ಶಿಕ್ಷಣದ ಪ್ರವರ್ತಕರಲ್ಲಿ ಒಬ್ಬರಾದ ಝಾಕಿರ್ ಹುಸೇನ್ ಮುಂತಾದವರು ಅದರಲ್ಲಿದ್ದರು. ಅಮೆರಿಕದ ಆರ್ಥರ್ ಮಾರ್ಗನ್ ಅವರೂ ಸದಸ್ಯರು. ಅವರು ಮೂಲತಃ ಎಂಜಿನಿಯರ್. ಆಂಟಿಯಾಕ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೆಲವು ಕಾಲ ತರಗತಿಯಲ್ಲಿ, ಕೆಲವು ಕಾಲ ನಿಜವಾದ ಉದ್ಯೋಗದಲ್ಲಿ ಕಲಿಯುವ ಕ್ರಮವನ್ನು ರೂಢಿಸಿದ್ದರು. ಆಯೋಗವು ದೇಶದ ವಿಶ್ವವಿದ್ಯಾನಿಲಯಗಳನ್ನು ಸಂದರ್ಶಿಸಿ 1949ರ ಆಗಸ್ಟ್‌ನಲ್ಲಿ ವರದಿಯನ್ನು ಸಲ್ಲಿಸಿತು.

ಅಂದಿನ ಉನ್ನತ ಶಿಕ್ಷಣದ ದೋಷವನ್ನು ಆಯೋಗ ನೇರವಾಗಿ ಗುರುತಿಸಿತು. ವಿದ್ಯಾರ್ಥಿಯು ಎಳೆಯ ವಯಸ್ಸಿನಲ್ಲಿಯೇ ಒಂದೇ ವಿಷಯಕ್ಕೆ ಸೀಮಿತನಾಗುತ್ತಿದ್ದನು. ಕಲಾ ವಿದ್ಯಾರ್ಥಿಗೆ ವಿಜ್ಞಾನದ ಗಂಧವಿರಲಿಲ್ಲ, ವಿಜ್ಞಾನದ ವಿದ್ಯಾರ್ಥಿಗೆ ಸಮಾಜದ ಪರಿಚಯವಿರಲಿಲ್ಲ. ಆದ್ದರಿಂದ ಯಾವ ಪದವಿಯಾದರೂ ಅದರಲ್ಲಿ ವಿಜ್ಞಾನ, ಸಮಾಜವಿಜ್ಞಾನ, ಮಾನವಿಕ ವಿಷಯಗಳ ಸಾಮಾನ್ಯ ಶಿಕ್ಷಣವೂ ಸೇರಿರಬೇಕು, ಅದರ ಜೊತೆಯಲ್ಲಿಯೇ ವಿಶೇಷ ವಿಷಯದ ಅಧ್ಯಯನ ಸಾಗಬೇಕು ಎಂದು ಆಯೋಗ ಶಿಫಾರಸು ಮಾಡಿತು.

ಕೃಷಿಗೆ ದೊರೆತ ಸ್ಥಾನ

ವೃತ್ತಿಶಿಕ್ಷಣವನ್ನು ಕುರಿತ ಭಾಗದಲ್ಲಿ ಆಯೋಗವು ಕೃಷಿಗೆ ವಿಶೇಷ ಮಹತ್ವ ನೀಡಿತು. ಕೃಷಿ ಶಿಕ್ಷಣವನ್ನು ರಾಷ್ಟ್ರದ ಆರ್ಥಿಕ ಯೋಜನೆಯ ಆದ್ಯತೆಯಾಗಿ ಪರಿಗಣಿಸಬೇಕೆಂದಿತು. ಕೃಷಿ ಕಾಲೇಜುಗಳು ಗ್ರಾಮೀಣ ಪರಿಸರದಲ್ಲಿರಬೇಕು, ಕೃಷಿಯ ಬೋಧನೆ, ಸಂಶೋಧನೆ ಮತ್ತು ನೀತಿನಿರೂಪಣೆಗಳು ಕೃಷಿ ಜೀವನವನ್ನು ಪ್ರತ್ಯಕ್ಷವಾಗಿ ಬಲ್ಲವರ ಕೈಯಲ್ಲಿರಬೇಕು ಎಂಬುದು ಅದರ ನಿಲುವು. ಹೊಸ ಕೃಷಿ ಕಾಲೇಜುಗಳು ಸಾಧ್ಯವಾದಲ್ಲಿ ಗ್ರಾಮೀಣ ವಿಶ್ವವಿದ್ಯಾನಿಲಯಗಳ ಅಂಗಗಳಾಗಿರಬೇಕು, ಆಗ ಇತರ ವಿದ್ಯೆಗಳ ಸಂಪರ್ಕದಿಂದ ಕೃಷಿ ಶಿಕ್ಷಣವೂ ಪುಷ್ಟಿಗೊಳ್ಳುತ್ತದೆ ಎಂದು ಸೂಚಿಸಿತು.

ಈ ಸಲಹೆಯ ಹಿಂದಿನ ತರ್ಕವನ್ನು ರೈತರಿಗೆ ವಿವರಿಸಬೇಕಾಗಿಲ್ಲ. ಟೊಮೆಟೊ ಗಿಡದ ಎಲೆ ಮುದುಡಲು ಒಂದು ಕಾರಣ ನಂಜುರೋಗ. ಅದನ್ನು ಹರಡುವುದು ಬಿಳಿನೊಣ. ಸಹಿಸಿಕೊಳ್ಳುವುದು ಬಿಡುವುದು ತಳಿಯ ಗುಣ. ಔಷಧಿಗೆ ಖರ್ಚು ಮಾಡಬಹುದೇ ಎಂಬುದು ಮಾರುಕಟ್ಟೆಯ ಲೆಕ್ಕ. ಕಾಲೇಜಿನಲ್ಲಿ ಇವು ಸಸ್ಯರೋಗಶಾಸ್ತ್ರ, ಕೀಟಶಾಸ್ತ್ರ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ ಎಂಬ ನಾಲ್ಕು ವಿಭಾಗಗಳು. ಹೊಲದಲ್ಲಿ ಒಂದೇ ಗಿಡ, ಒಂದೇ ಸಂಕಷ್ಟ. ಪಠ್ಯಕ್ರಮವು ಈ ನಾಲ್ಕನ್ನೂ ಬೆಸೆಯದಿದ್ದರೆ ಪದವೀಧರನ ಸಲಹೆ ಅರ್ಧಂಬರ್ಧವಾಗುತ್ತದೆ, ನಷ್ಟ ರೈತನ ಪಾಲಾಗುತ್ತದೆ.

ಫಲಿಸಿದ್ದು, ಫಲಿಸದೆ ಉಳಿದದ್ದು

ಆಯೋಗ ಕಲ್ಪಿಸಿದ ಗ್ರಾಮೀಣ ವಿಶ್ವವಿದ್ಯಾನಿಲಯಗಳು ಅದೇ ರೂಪದಲ್ಲಿ ದೇಶದಾದ್ಯಂತ ಹರಡಲಿಲ್ಲ. 1956ರಿಂದ ಕೆಲವು ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆಗಳು ಆರಂಭವಾದವು. ತಮಿಳುನಾಡಿನ ಗಾಂಧಿಗ್ರಾಮದ ಸಂಸ್ಥೆಯು ಅವುಗಳಲ್ಲಿ ಒಂದು; ಅದು 1976ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. ಎಲ್ಲ ಸಂಸ್ಥೆಗಳಿಗೂ ಆ ಭಾಗ್ಯ ಒದಗಲಿಲ್ಲ.

ಕೃಷಿಯ ವಿಚಾರದಲ್ಲಿ ಮಾತ್ರ ಬೇರೊಂದು ದಾರಿ ತೆರೆಯಿತು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸಂಸ್ಥೆಯಲ್ಲಿ ಕೂಡಿಸುವ ಅಮೆರಿಕದ ಭೂಅನುದಾನ ಕಾಲೇಜುಗಳ ಮಾದರಿಯಲ್ಲಿ 1960ರಲ್ಲಿ ಪಂತನಗರದಲ್ಲಿ ದೇಶದ ಮೊದಲ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ 1963ರ ಕಾಯ್ದೆಯಂತೆ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯ ರೂಪುಗೊಂಡಿತು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯಾಗಿ ಹುಟ್ಟಿ 1946ರಲ್ಲಿ ಕಾಲೇಜಾಗಿದ್ದ ಸಂಸ್ಥೆಯು ಅದರ ಭಾಗವಾಯಿತು. 1964ರ ಆಗಸ್ಟ್ 21ರಂದು ವಿಶ್ವವಿದ್ಯಾನಿಲಯವನ್ನು ಉದ್ಘಾಟಿಸಿದವರು ಅಂದಿನ ಉಪರಾಷ್ಟ್ರಪತಿ ಝಾಕಿರ್ ಹುಸೇನ್. ಆಗ ರಾಷ್ಟ್ರಪತಿಗಳಾಗಿದ್ದವರು ರಾಧಾಕೃಷ್ಣನ್. ಹದಿನೈದು ವರ್ಷಗಳ ಹಿಂದೆ ಒಂದೇ ಆಯೋಗದಲ್ಲಿ ಕುಳಿತು ಕೃಷಿ ಶಿಕ್ಷಣದ ಬಗೆಗೆ ಚಿಂತಿಸಿದ್ದ ಇಬ್ಬರೂ ಆ ವೇಳೆಗೆ ದೇಶದ ಅತ್ಯುನ್ನತ ಸ್ಥಾನಗಳಲ್ಲಿದ್ದರು.

ರಾಧಾಕೃಷ್ಣನ್ ಅವರು 1952ರಿಂದ 1962ರವರೆಗೆ ಉಪರಾಷ್ಟ್ರಪತಿಗಳಾಗಿ, 1962ರಿಂದ 1967ರವರೆಗೆ ರಾಷ್ಟ್ರಪತಿಗಳಾಗಿ ಸೇವೆ ಸಲ್ಲಿಸಿ, 1975ರ ಏಪ್ರಿಲ್ 17ರಂದು ಮದ್ರಾಸಿನಲ್ಲಿ ನಿಧನರಾದರು.

ಇಂದು ನಮ್ಮ ಪಾಲಿನ ಕರ್ತವ್ಯ

ಬಿ.ಎಸ್ಸಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಡಿ ಹಳ್ಳಿಗಳಲ್ಲಿ ತಂಗುತ್ತಾರೆ. ಈ ಕಾರ್ಯಕ್ರಮ ರೂಪುಗೊಂಡದ್ದು ಆಯೋಗದ ವರದಿ ಬಂದ ಬಹುಕಾಲದ ನಂತರ. ಆದರೂ ಹೊಲವನ್ನು ಪಠ್ಯಕ್ರಮದ ಭಾಗವಾಗಿಸಬೇಕೆಂಬ ಆಶಯ ಎರಡರಲ್ಲಿಯೂ ಒಂದೇ. ಹಲವೆಡೆ ಇದು ಪ್ರಾತ್ಯಕ್ಷಿಕೆ, ಛಾಯಾಚಿತ್ರ, ಸಮಾರೋಪ ಸಮಾರಂಭಗಳಿಗೆ ಸೀಮಿತವಾಗುವ ಅಪಾಯವಿದೆ.

ಅದನ್ನು ತಪ್ಪಿಸುವುದು ರೈತರ ಮತ್ತು ವಿಸ್ತರಣಾ ಕಾರ್ಯಕರ್ತರ ಕೈಯಲ್ಲಿಯೂ ಇದೆ. ಬಂದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಬಂದ ಬೆಳೆಯನ್ನಷ್ಟೇ ತೋರಿಸದೆ, ಕೈಕೊಟ್ಟ ಬೆಳೆಯನ್ನೂ ತೋರಿಸಬೇಕು. ಬೀಜ, ಗೊಬ್ಬರ, ಕೂಲಿಯ ಖರ್ಚನ್ನೂ ಮಾರಿ ಬಂದ ಹಣವನ್ನೂ ಅವರ ಎದುರು ಲೆಕ್ಕ ಹಾಕಬೇಕು. ಕಾಲೇಜಿನಲ್ಲಿ ಕಲಿತ ಸಲಹೆ ತಮ್ಮ ಜಮೀನಿಗೆ ಏಕೆ ಹೊಂದಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ವಿಸ್ತರಣಾ ಕಾರ್ಯಕರ್ತರು ಈ ಮಾಹಿತಿಯನ್ನು ಬರೆದಿಟ್ಟು, ಸಂಬಂಧಿಸಿದ ಎಲ್ಲ ವಿಭಾಗಗಳ ಅಧ್ಯಾಪಕರ ಗಮನಕ್ಕೆ ತರಬೇಕು.

ಕೃಷಿ ಜೀವನವನ್ನು ಪ್ರತ್ಯಕ್ಷವಾಗಿ ಬಲ್ಲವರು ಕೃಷಿ ಶಿಕ್ಷಣವನ್ನು ರೂಪಿಸಬೇಕೆಂದು ರಾಧಾಕೃಷ್ಣನ್ ಆಯೋಗ 1949ರಲ್ಲಿ ಹೇಳಿತು. ತಮ್ಮ ಹೊಲಕ್ಕೆ ಬಂದ ವಿದ್ಯಾರ್ಥಿಗೆ ಮನಸ್ಸಿಟ್ಟು ಪಾಠ ಹೇಳುವ ರೈತನು ಆ ಶಿಫಾರಸನ್ನು ತನ್ನ ಮಟ್ಟಿಗೆ ಕಾರ್ಯರೂಪಕ್ಕೆ ತಂದಂತಾಗುತ್ತದೆ.